ಸರ್ವರ್ ಇಲ್ಲ ಅಂದ ವರ್ಷ

ಹೋದ ತಿಂಗಳು ನಮ್ಮ ಕಚೇರಿಯ ಹಿರಿಯರೊಬ್ಬರು ಮಗಳ ಮದುವೆಗೆ ರೇಷ್ಮೆ ಸೀರೆ ಬೇಕೆಂದು ನನ್ನನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದರು. ನಾನೀಗ ಯಳಂದೂರಿನಲ್ಲಿ ಒಂದು ಸಣ್ಣ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. 'ನೀವು ನೇಕಾರರ ಮನೆಯವರು, ನಿಮಗೆ ಗೊತ್ತಾಗುತ್ತೆ' ಎಂದಿದ್ದರು. ಅಂಗಡಿಗೆ ಹೋಗುವ ಗಲ್ಲಿಯಲ್ಲಿ ಯಾರೋ ಮನೆ ಮುಂದೆ ಹಂಡೆ ಇಟ್ಟು, ಸೋಪು ಸೋಡ ಹಾಕಿ ಕಚ್ಚಾ ರೇಷ್ಮೆ ಬೇಯಿಸುತ್ತಿದ್ದರು. ಆ ವಾಸನೆಗೆ ಅವರು ಕರವಸ್ತ್ರ ಮೂಗಿಗೆ ಹಿಡಿದರು. ನಾನು ಹುಟ್ಟಿ ಬೆಳೆದದ್ದೇ ಆ ವಾಸನೆಯಲ್ಲಿ. ಆದರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ನನ್ನಿಂದ ಆಗಲಿಲ್ಲ. 'ಬನ್ನಿ ಸರ್, ಹೊತ್ತಾಯ್ತು' ಎಂದು ಮುಂದೆ ನಡೆದುಬಿಟ್ಟೆ.

ಅದೇ ಊರಿನ ಇನ್ನೊಂದು ಮೂಲೆಯಲ್ಲಿರುವ ನಮ್ಮ ಬೀದಿಯಲ್ಲಿ ರೇಷ್ಮೆ ಬೇಯುತ್ತಿದ್ದದ್ದು ಜಯಕ್ಕನ ಮನೆ ಮುಂದೆ. ಆ ಹಂಡೆ ಆರಿದ್ದು ನಾನು ಎಂ.ಕಾಂ. ಎರಡನೇ ವರ್ಷದಲ್ಲಿದ್ದಾಗ. ಆರಿಸಿದವನು ನಾನು.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಬೀದಿಯ ಧೂಳೆಲ್ಲ ಮನೆಯೊಳಗೆ ಬಂದು ಮಗ್ಗಕ್ಕೆ ಕಟ್ಟಿದ ಉದ್ದೆಳೆಗಳ ಹಾಸಿನ ಮೇಲೆ ಕೂರುತ್ತಿತ್ತು. ಅಪ್ಪ ಬಾಗಿಲಿಗೆ ಗೋಣಿ ಕಟ್ಟಿ ನೇಯುತ್ತಿದ್ದ. ಮಗ್ಗ ನಮ್ಮದು, ನೂಲು ಸಾಹುಕಾರರದು, ಸೀರೆಯೂ ಅವರದು. ಅಪ್ಪನಿಗೆ ಸೀರೆಗಿಷ್ಟು ಎಂದು ಮಜೂರಿ. ಅವ್ವ ಪಕ್ಕದಲ್ಲಿ ಕೂತು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಬೆಳಗಿನ ಬಸ್ಸಿಗೆ ಯಳಂದೂರಿನ ಮೇಲೆ ಚಾಮರಾಜನಗರಕ್ಕೆ ಹೋಗಿ ಸಂಜೆ ಬರುತ್ತಿದ್ದೆ. ಬಸ್ಸಿಗೆ ಪಾಸು ಇತ್ತು. ಅಪ್ಪ ದಿನಾ ಇಪ್ಪತ್ತು ರೂಪಾಯಿ ಕೊಡುತ್ತಿದ್ದ, ಟೀಗೆ. ಮಧ್ಯಾಹ್ನಕ್ಕೆ ಅವ್ವ ಕಟ್ಟಿಕೊಡುತ್ತಿದ್ದ ಬುತ್ತಿ.

ಅವ್ವನಿಗೆ ಒಂದು ಆಸೆ ಇತ್ತು. ಒಂದೇ ಒಂದು ಹಾಸಿಗಾಗುವಷ್ಟು ರೇಷ್ಮೆಯನ್ನು ಸ್ವಂತ ದುಡ್ಡಿನಲ್ಲಿ ತಂದು, ಒಂದು ಸಲವಾದರೂ ಅಪ್ಪ ತನ್ನ ಸೀರೆಯನ್ನೇ ನೇಯಬೇಕು, ತಾನೇ ಮಾರಬೇಕು ಎಂದು. ಸರ್ಕಾರ ಮನೆ ಯಜಮಾನಿಯರಿಗೆ ತಿಂಗಳಿಗೆ ಎರಡು ಸಾವಿರ ಹಾಕಲು ಶುರುಮಾಡಿದಾಗ ಅವಳು ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. 'ಅಲ್ಲೇ ಬಿದ್ದಿರ್ಲಿ. ಕೈಗೆ ಬಂದ್ರೆ ಉಪ್ಪು ಮೆಣ್ಸಿನ್ಕಾಯ್ಗೆ ಓಯ್ತದೆ' ಅನ್ನುತ್ತಿದ್ದಳು.

ಅರ್ಜಿ ಬರೆಸಿದವಳು ಜಯಕ್ಕ. ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಬೀದಿಯವರ ರೇಷ್ಮೆ ಬೇಯಿಸಿ, ಸುತ್ತಿ, ಒಬ್ಬಳೇ ಮಗಳನ್ನು ಹನೂರಿಗೆ ಮದುವೆ ಮಾಡಿಕೊಟ್ಟಿದ್ದಳು. ಏಳನೇ ಕ್ಲಾಸು ಓದಿದ್ದ ಅವಳೇ ಬೀದಿಯ ಹೆಂಗಸರ ಸಂಘಕ್ಕೆ ಹಿರಿಯಳು. ಎಲ್ಲರ ಪಾಸ್‌ಬುಕ್ಕುಗಳೂ ಅವಳ ಟ್ರಂಕಿನಲ್ಲಿ ಇರುತ್ತಿದ್ದವು. ಅರ್ಜಿ ಹಾಕುವಾಗ ಏಳು ಜನ ಹೆಂಗಸರನ್ನು ಕರೆದುಕೊಂಡು ಎರಡು ದಿನ ಸಾಲಿನಲ್ಲಿ ನಿಂತಿದ್ದಳು. ಅವ್ವನ ಖಾತೆಗೆ ಫೋನ್ ನಂಬರು ಬೇಕೆಂದಾಗ ನನ್ನ ನಂಬರನ್ನೇ ಕೊಟ್ಟಿದ್ದಳು. 'ಓದೋ ಹುಡುಗ, ಮೆಸೇಜ್ ಬಂದ್ರೆ ನೋಡಿ ಯೇಳ್ತಾನೆ' ಎಂದು.

ಮೊದಲ ಮೂರು ತಿಂಗಳು ಹಾಗೇ ಹೇಳಿದೆ. 'ಬಂತು ಕಣವ್ವ.' ಅವ್ವ ಬೆರಳು ಮಡಚಿ ಎಣಿಸಿಕೊಳ್ಳುತ್ತಿದ್ದಳು. ಕರೆಂಟ್ ಬಿಲ್ಲು ಕಟ್ಟಲು ನಮ್ಮ ಬೀದಿಯಿಂದ ದೂರ ಹೋಗಬೇಕಿತ್ತು. ನಾನು ಫೋನಿನಲ್ಲೇ ಕಟ್ಟುತ್ತೇನೆಂದು ಅವ್ವನ ಖಾತೆಯನ್ನು ನನ್ನ ಫೋನಿಗೆ ಸೇರಿಸಿಕೊಂಡೆ. ಅದು ಅವಳಿಗೂ ಗೊತ್ತಿತ್ತು. ಆದರೆ ಒಂದು ಬಿಲ್ಲು ಕಟ್ಟಿದ ಮೇಲೂ ಆ ಬಾಗಿಲು ತೆರೆದೇ ಇರುತ್ತದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ.

ಕ್ಲಾಸಿನಲ್ಲಿ ನಾವು ಐದು ಜನ ಒಟ್ಟಿಗೆ ಇರುತ್ತಿದ್ದೆವು. ಯಳಂದೂರಿನಲ್ಲಿ ಬಸ್ಸು ಹತ್ತುತ್ತಿದ್ದ ಮಹೇಶನ ಅಪ್ಪನಿಗೆ ಅಕ್ಕಿ ಗಿರಣಿ ಇತ್ತು. ಕ್ಯಾಂಟೀನಿನಲ್ಲಿ ದುಡ್ಡು ಕೊಡುತ್ತಿದ್ದವನು ಅವನೇ. ಒಂದು ದಿನ ನಗುನಗುತ್ತಲೇ, 'ಇವತ್ತೂ ನಾನೇ ಕೊಡ್ಬೇಕೇನ್ರಪ್ಪ?' ಅಂದ. ನನ್ನನ್ನು ನೋಡಿ ಅಂದದ್ದಲ್ಲ. ಆದರೆ ನನಗೆ ಕಿವಿ ಬಿಸಿಯಾಯಿತು. 'ಬಿಡೋ, ನಾನ್ ಕೊಡ್ತೀನಿ' ಎಂದು ಫೋನು ತೆಗೆದೆ. ನನ್ನ ಖಾತೆಯಲ್ಲಿ ಏನೂ ಇರಲಿಲ್ಲ. ಅವ್ವನದನ್ನು ಒತ್ತಿದೆ. ಕೌಂಟರಿನ ಮೇಲಿದ್ದ ಪುಟ್ಟ ಪೆಟ್ಟಿಗೆ ಎಲ್ಲರಿಗೂ ಕೇಳುವ ಹಾಗೆ ಹೆಣ್ಣುದನಿಯಲ್ಲಿ 'ನೂರ ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ' ಅಂದಿತು. ಮಹೇಶ ನನ್ನ ಬೆನ್ನು ತಟ್ಟಿದ.

ಆ ದನಿ ನನಗೆ ಬಹಳ ಹಿಡಿಸಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಕುಡಿತ, ಜೂಜು, ಯಾವುದೂ ನನಗಿರಲಿಲ್ಲ. ಇದ್ದಿದ್ದರೆ ಜನ ಅದರ ಮೇಲಾದರೂ ತಪ್ಪು ಹೊರಿಸುತ್ತಿದ್ದರು. ನನಗೆ ಬೇಕಾಗಿದ್ದದ್ದು ಕೌಂಟರಿನ ಮುಂದೆ ಎಲ್ಲರಿಗಿಂತ ಮೊದಲು ಫೋನು ಚಾಚುವುದು. ಟೀ, ಪಫ್ಸು, ಯಾರದೋ ಹುಟ್ಟುಹಬ್ಬದ ಕೇಕು, ಎಲ್ಲರೂ ಹಾಕುತ್ತಾರೆಂದು ಒಂದು ಜೊತೆ ಬಿಳಿ ಶೂ. ಇಪ್ಪತ್ತು, ನಲವತ್ತೈದು, ನೂರ ಹತ್ತು. ಮುಂದಿನ ಸ್ಕಾಲರ್‌ಶಿಪ್ ಬಂದಾಗ ತುಂಬಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಸ್ಕಾಲರ್‌ಶಿಪ್ ಬಂತು, ಅದೂ ಹಾಗೇ ಹೋಯಿತು.

ನಾಲ್ಕನೇ ತಿಂಗಳು ಅವ್ವ ಕಂಡಿಕೆ ಸುತ್ತುತ್ತಲೇ ಕೇಳಿದಳು. 'ಸಿದ್ರಾಜಾ, ಬಂದದೇನ್ಲಾ?'

ಬಂದಿತ್ತು. ಹಿಂದಿನ ದಿನವೇ ಬಂದಿತ್ತು.

'ಇಲ್ಲ ಕಣವ್ವ. ಈ ಸಲ ತಡ ಅಂತೆ.'

ತಡವಾಗುವುದು ನಿಜವೂ ಆಗಿತ್ತು, ಕೆಲವು ತಿಂಗಳು. ಹಾಗಾಗಿ ಅವ್ವ ನಂಬಿದಳು. ಐದನೇ ತಿಂಗಳೂ ನಂಬಿದಳು. ಆರನೇ ತಿಂಗಳು ಮುಖ ಸಣ್ಣ ಮಾಡಿಕೊಂಡು, 'ನಂದೇ ಯಾಕ್ಲಾ ಇಂಗಾಯ್ತದೆ? ಎದುರ್ಮನೆಯೋರ್ಗೆ ಬಂದದಂತೆ' ಅಂದಳು. ನಾನು ಬೂಟಿನ ದಾರ ಕಟ್ಟಿಕೊಳ್ಳುತ್ತ, 'ಆಧಾರ್ ಏನೋ ತೊಂದ್ರೆ ಇರ್ಬೇಕು' ಎಂದು ಬಸ್ಸಿಗೆ ಓಡಿದೆ.

ಅದೇ ದಿನಗಳಲ್ಲಿ ನಮಗೆ ಒಂದು ಅಸೈನ್‌ಮೆಂಟ್ ಇತ್ತು. ವಿದ್ಯಾರ್ಥಿಗಳು ತಮ್ಮ ನಾಲ್ಕು ತಿಂಗಳ ಆದಾಯ, ಖರ್ಚು, ಉಳಿತಾಯ ಬರೆದು ತರಬೇಕು. ನಾನು ಒಂದೇ ಸಂಜೆಯಲ್ಲಿ ನಾಲ್ಕು ತಿಂಗಳನ್ನೂ ಹುಟ್ಟಿಸಿದೆ. ದಿನಕ್ಕೆ ಒಂದು ಟೀ, ತಿಂಗಳಿಗೆ ಇಷ್ಟು ಪುಸ್ತಕ, ಮಿಕ್ಕದ್ದು ಉಳಿತಾಯ. ಮೇಷ್ಟ್ರು ಮೆಚ್ಚಿಕೊಂಡು ನನ್ನನ್ನು ಎಬ್ಬಿಸಿ ಓದಿಸಿದರು. 'ಬಡತನದಲ್ಲೂ ಶಿಸ್ತು ಅಂದ್ರೆ ಇದು' ಅಂದರು. ನಾನು ತಲೆ ತಗ್ಗಿಸಿ ಕೂತೆ. ವಿನಯ ಅಂದುಕೊಂಡಿರಬೇಕು.

ದಸರಾ ಕಳೆದು ಮಳೆ ಹಿಡಿಯಿತು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಲ್ಲಿ ತೇವ ಏರಿ, ಹಾಸು ಜೋತು ಬಿದ್ದು, ಅಪ್ಪನಿಗೆ ವಾರಗಟ್ಟಲೆ ಕೆಲಸ ನಿಂತಿತು. ಮನೆಯಲ್ಲಿ ದುಡ್ಡಿಗೆ ಬಿಗಿಯಾದಾಗ ಅವ್ವನ ಅನುಮಾನ ಬೆಳೆಯಿತು. ಬೀದಿಯ ಏಳು ಅರ್ಜಿಗಳಲ್ಲಿ ಅವಳದೊಂದೇ ನಿಂತಿದೆ. ಅರ್ಜಿ ಬರೆಸಿದವಳು ಜಯಕ್ಕ. ಜಯಕ್ಕ ಆ ತಿಂಗಳು ಹೊಸ ಮಿಕ್ಸಿ ತಂದಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಲ್ಲಿ ನೀರು ಬಂದಿತ್ತು. ನಾನು ಒಳಗೆ ರೊಟ್ಟಿ ತಿನ್ನುತ್ತಿದ್ದೆ. ಹೊರಗೆ ಅವ್ವನ ದನಿ ಏರಿತು.

'ಅಲ್ಲಾ ಕಣೇ ಜಯಿ, ಬೀದೀಲಿ ಎಲ್ಲಾರ್ಗೂ ಬಂದದೆ, ನಂಗೊಬ್ಬಳ್ಗೇ ಬಂದಿಲ್ಲ. ಬರ್ಸಿದೋಳು ನೀನು. ನನ್ ಖಾತೆ ನಂಬ್ರ ಕೊಟ್ಯೋ, ನಿನ್ನದ ಕೊಟ್ಯೋ?'

ಕೊಡಗಳ ಸದ್ದು ನಿಂತಿತು. ಜಯಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ದನಿಯೂ ಏರಿತು. 'ಏನ್ ಮಾತಾಡ್ತಿದ್ದೀಯ ಸುಂದ್ರಕ್ಕ? ಮಾದಪ್ಪನಾಣೆ, ನಿನ್ ದುಡ್ನಲ್ಲಿ ಒಂದ್ ರೂಪಾಯಿ ಮುಟ್ಟಿದ್ರೆ ನನ್ ಕೈ ಸೇದೋಗ್ಲಿ.'

'ಆಣೆಗೀಣೆ ಬ್ಯಾಡ. ದುಡ್ಡು ಎಲ್ಲೋಯ್ತು ಯೇಳು.'

ಜಯಕ್ಕ ನಮ್ಮ ಬಾಗಿಲಿಗೆ ಬಂದು ಕೂಗಿದಳು. 'ಸಿದ್ರಾಜಾ, ಬಾರಪ್ಪ ಈಚ್ಗೆ. ನೀನು ಓದಿದೋನು. ದುಡ್ಡು ಯಾರ್ ಖಾತೆಗೆ ಓಯ್ತಾ ಅದೆ ಅಂತ ಫೋನ್ನಲ್ಲಿ ಗೊತ್ತಾಯ್ತದಂತಲ್ಲ. ನೋಡಿ ಇವರ್ಗೆಲ್ಲ ಯೇಳು.'

ನಾನು ಎಂಜಲು ಕೈಯಲ್ಲೇ ಎದ್ದು ಹೊರಗೆ ಬಂದೆ. ಏಳೆಂಟು ಹೆಂಗಸರು ಕೊಡ ಹಿಡಿದು ನನ್ನನ್ನೇ ನೋಡುತ್ತಿದ್ದರು. ಫೋನು ತೆರೆದೆ. ಮೂರು ದಿನದ ಹಿಂದೆ ಬಂದ ಮೆಸೇಜು ಮೇಲೇ ಇತ್ತು. ಎರಡು ಸಾವಿರ ಜಮಾ. ಜಯಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕವನಿದ್ದಾಗ ಜ್ವರ ಬಂದರೆ ನನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಿದ್ದವಳು.

ನಾನು ಎರಡು ಸಲ ಬೆರಳಾಡಿಸಿ ಹೇಳಿದೆ. 'ಸರ್ವರ್ ಇಲ್ಲ ಜಯಕ್ಕ.'

ಹಿಂದಿನಿಂದ ಯಾರೋ ಜಯಕ್ಕನ ಕಡೆ ನೋಡಿ ಮೆಲ್ಲಗೆ 'ಊಂ' ಅಂದರು. ಜಯಕ್ಕ ಕೊಡ ಎತ್ತಿಕೊಂಡು ಒಳಗೆ ಹೋದಳು. ಅದರಲ್ಲಿ ಅರ್ಧ ಮಾತ್ರ ನೀರಿತ್ತು.

ಆ ವಾರ ಸಂಘದ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ತಮ್ಮ ತಮ್ಮ ಪಾಸ್‌ಬುಕ್ ಇಸಿದುಕೊಂಡು ಬಂದರು. ಯಾರೂ ಜಗಳವಾಡಲಿಲ್ಲ. ಮಗಳ ಶಾಲೆಗೆ ಬೇಕು, ಬ್ಯಾಂಕಿನಲ್ಲಿ ಕೇಳಿದರು, ಹೀಗೆ ಏನೇನೋ ನೆಪ ಹೇಳಿದರು. ಅವ್ವ ಎಲ್ಲರಿಗಿಂತ ಮೊದಲು ತಂದಿದ್ದಳು. ರೇಷ್ಮೆ ಬೇಯಿಸಲು ಕೊಡುತ್ತಿದ್ದವರೂ ಬೇರೆ ಬೀದಿಗೆ ಹೋಗತೊಡಗಿದರು. ದೀಪಾವಳಿಯ ಹೊತ್ತಿಗೆ ಜಯಕ್ಕ ಹಂಡೆ ಬೋರಲು ಹಾಕಿ, ಮನೆಗೆ ಬೀಗ ಹಾಕಿ ಹನೂರಿಗೆ ಮಗಳ ಮನೆಗೆ ಹೊರಟುಹೋದಳು. ಅವಳು ಹೋಗುವಾಗ ನಾನು ಮನೆಯಲ್ಲೇ ಇದ್ದೆ. ಕಿಟಕಿಯಿಂದ ನೋಡಿದೆ. ಒಂದು ಬ್ಯಾಗು, ಒಂದು ಟ್ರಂಕು.

ಅಷ್ಟಾದ ಮೇಲೂ ನಾನು ನಿಲ್ಲಿಸಲಿಲ್ಲ. ಅದನ್ನೂ ಬರೆಯಬೇಕು. ಮೊದಲ ಮೂರು ತಿಂಗಳ ಆರು ಸಾವಿರವನ್ನೂ ಆಗ ಮುಟ್ಟಿದ್ದೆ. ಪರೀಕ್ಷೆಗೆ ಮುಂಚೆ ಎಲ್ಲರೂ ಬೆಟ್ಟಕ್ಕೆ ಹೋಗೋಣವೆಂದು ಹೊರಟಾಗ ಗಾಡಿಯ ಬಾಡಿಗೆ ನಾನೇ ಕೊಟ್ಟೆ.

ಡಿಸೆಂಬರಿನಲ್ಲಿ ಅವ್ವ ಬ್ಯಾಂಕಿಗೆ ಹೊರಟಳು. ಮಳೆಯಿಂದ ಹಾಳಾದ ಹಾಸಿನ ಕೂಲಿ ಸಾಹುಕಾರರು ಮುರಿದುಕೊಂಡಿದ್ದರು. ಆರು ಸಾವಿರ ತೆಗೆಯದೆ ಬೇರೆ ದಾರಿ ಇರಲಿಲ್ಲ. 'ನೀನೂ ಬಾ, ಅಲ್ಲಿ ಇಂಗ್ಲೀಸಲ್ಲಿ ಮಾತಾಡ್ತಾರೆ' ಅಂದಳು. ಪರೀಕ್ಷೆ ಎಂದೆ, ತಲೆನೋವು ಎಂದೆ. 'ಒಂದ್ಗಳಿಗೆ ಬಾರ್ಲಾ' ಎಂದು ಕೈ ಹಿಡಿದುಕೊಂಡು ಹೊರಟಳು.

ಕೌಂಟರಿನ ಹುಡುಗಿ ಪಾಸ್‌ಬುಕ್ ಯಂತ್ರಕ್ಕೆ ಕೊಟ್ಟಳು. ಕಿರ್ರ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಒಂದು ಹಾಳೆ ಮುಗಿಯಿತು, ತಿರುಗಿಸಿದಳು. ಇನ್ನೊಂದು. ಇನ್ನೊಂದು. ಹಿಂದೆ ನಿಂತವರು ಗೊಣಗಿದರು. 'ಅಮ್ಮ, ಬುಕ್ಕೇ ತುಂಬೋಯ್ತು, ಹೊಸದು ಕೊಡ್ತೀನಿ' ಎಂದಳು ಆ ಹುಡುಗಿ.

'ತುಂಬೋಕೆ ಏನದೆ ತಾಯಿ? ಮೂರ್ ತಿಂಗ್ಳು ತಾನೆ ಬಂದಿರೋದು?'

'ಇಲ್ವಲ್ಲ, ಪ್ರತಿ ತಿಂಗಳೂ ಬಂದಿದೆ. ಹಾಗೇ ಹೋಗಿಯೂ ಇದೆ. ಕ್ಯಾಂಟೀನು, ಕ್ಯಾಂಟೀನು, ಬೇಕರಿ, ಶೂ ಅಂಗಡಿ, ಕ್ಯಾಂಟೀನು... ಈಗ ನಲವತ್ತೆರಡು ರೂಪಾಯಿ ಇದೆ.' ಹುಡುಗಿ ತಲೆ ಎತ್ತಿದಳು. 'ಇದೆಲ್ಲ ನಿಮಗೆ ಗೊತ್ತಿಲ್ದೆ ಆಗಿರೋದಾ? ಹಾಗಾದ್ರೆ ಕಂಪ್ಲೇಂಟ್ ಬರ್ಕೊಡಿ. ಪೊಲೀಸ್‌ನೋರು ಫೋನ್ ನಂಬರ್ ಹಿಡಿದು ಯಾರು ಅಂತ ಕಂಡುಹಿಡೀತಾರೆ.'

ಅವ್ವನಿಗೆ ಓದಲು ಬಾರದು. ಆದರೆ ಅಂಕಿ ಬರುತ್ತದೆ. ಆ ಸಾಲುಗಳ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಹೋದಳು. ಆಮೇಲೆ ನನ್ನ ಕಡೆ ತಿರುಗಿದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ನನ್ನ ಶೂ ನೋಡಿದಳು.

'ಔದು ತಾಯಿ,' ಅಂದಳು ಆ ಹುಡುಗಿಗೆ. 'ನಾನೇ ತಕೋ ಅಂದಿದ್ದೆ ನಮ್ ಹುಡುಗನ್ಗೆ. ಮರ್ತೋಗಿತ್ತು.'

ಬ್ಯಾಂಕಿನಿಂದ ಹೊರಗೆ ಬಂದು ಇಬ್ಬರೂ ಬಹಳ ದೂರ ನಡೆದೆವು. ಬಿಸಿಲು ಸುಡುತ್ತಿತ್ತು. ಬೈದಿದ್ದರೆ, ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ ಅವಳು ಕೇಳಿದ್ದು ಒಂದೇ ಮಾತು.

'ಅಷ್ಟೊಂದ್ ಟೀ ಕುಡೀತಿದ್ಯೇನ್ಲಾ?'

ಇನ್ನೂ ನಾಲ್ಕು ಹೆಜ್ಜೆ ನಡೆದವಳು ಇದ್ದಕ್ಕಿದ್ದಂತೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. 'ಜಯಿ... ಆ ಎಂಗ್ಸು ಮಾದಪ್ಪನ ಮೇಲೆ ಆಣೆ ಇಟ್ಟಳಲ್ಲೋ. ನಾನು ಬೀದೀಲಿ ನಿಲ್ಸಿ ಕೇಳ್ಬುಟ್ನಲ್ಲೋ.' ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನಿಗೆ ಹೇಳಬೇಡ ಎಂದು ನಾನು ಕೇಳಿಕೊಳ್ಳುವ ಮೊದಲೇ, 'ನಿಮ್ಮಪ್ಪನ್ಗೆ ಯೇಳ್ಬ್ಯಾಡ, ಎದೆ ಒಡ್ಕಂತನೆ' ಅಂದಳು.

ಭಾನುವಾರ ನನ್ನನ್ನು ಕರೆದುಕೊಂಡು ಹನೂರಿಗೆ ಬಸ್ಸು ಹತ್ತಿದಳು. ಜಯಕ್ಕ ಮಗಳ ಮನೆಯ ಅಂಗಳದಲ್ಲಿ ಮುಸುಕಿನ ಜೋಳ ಬಿಡಿಸುತ್ತ ಕೂತಿದ್ದಳು. ಕೂಲಿಗೆ, ಮೂಟೆಗಿಷ್ಟು ಎಂದು. ನಮ್ಮನ್ನು ಕಂಡು ಎದ್ದಳು, ಚಾಪೆ ಹಾಕಿದಳು. ಅವಳ ಬೆರಳ ತುದಿಗಳು ಬಿರುಕು ಬಿಟ್ಟಿದ್ದವು. ಅಂಥ ಕೈಗೆ ರೇಷ್ಮೆ ಕೊಡುವುದಿಲ್ಲ, ಎಳೆ ಸಿಕ್ಕಿಕೊಳ್ಳುತ್ತದೆ.

ಅವ್ವ ಕೂರಲೇ ಇಲ್ಲ. 'ದುಡ್ಡು ಸಿಕ್ತು ಕಣೇ ಜಯಿ. ನನ್ ಖಾತೆಗೇ ಬಂದಿತ್ತು. ಪಾಸ್‌ಬುಕ್ ಆಕುಸ್ದೆ ನಾನೇ ಬಾಯ್ಗೆ ಬಂದಂಗೆ ಅಂದ್ಬುಟ್ಟೆ. ತೆಪ್ಪು ನಂದೇ' ಎಂದು ಬಗ್ಗಿ ಅವಳ ಕಾಲಿಗೆ ಕೈ ಚಾಚಿದಳು.

ಜಯಕ್ಕ ಎರಡೂ ಕೈ ಹಿಡಿದು ಎತ್ತಿದಳು. 'ದೊಡ್ಡೋಳು ನೀನು, ಇಂಗೆಲ್ಲ ಮಾಡ್ಬ್ಯಾಡ ಸುಂದ್ರಕ್ಕ. ಬುಡು, ಆಗೋದು ಆಯ್ತು.' ಹೇಳುತ್ತ ಅವಳು ಅವ್ವನ ಭುಜದ ಮೇಲಿಂದ ನನ್ನನ್ನು ನೋಡುತ್ತಿದ್ದಳು.

ಆ ಗಳಿಗೆ ನನ್ನದಾಗಿತ್ತು. ಬಾಯಿ ಬಿಟ್ಟಿದ್ದರೆ ಸಾಕಿತ್ತು. ನಾನು ಜೋಳದ ರಾಶಿ ನೋಡುತ್ತ ನಿಂತೆ. ಬಡಿಸಿದ ಅನ್ನ ಸಾರು ಉಂಡೆ. ಹೊರಡುವಾಗ ಜಯಕ್ಕ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ತೆಗೆದು ನನ್ನ ಕೈಗಿಟ್ಟಳು. 'ಓದೋ ಹುಡುಗ, ಬಸ್ ಚಾರ್ಜಿಗೆ ಮಡಿಕೋ. ನಿಮ್ಮವ್ವನ್ಗಾದ್ರೆ ಫ್ರೀ.' ನಾನು ತೆಗೆದುಕೊಂಡೆ. ಅವ್ವ ಬೇರೆ ಕಡೆ ಮುಖ ತಿರುಗಿಸಿದಳು.

ಬಸ್ಸಿನಲ್ಲಿ ಕಂಡಕ್ಟರು ಬಂದಾಗ ಆ ನೋಟು ಕೊಟ್ಟೆ. ಚಿಲ್ಲರೆ ಜೇಬಿಗೆ ಹಾಕಿಕೊಂಡೆ. ಹೊಲಗಳು ಒಣಗಿ ನಿಂತಿದ್ದವು. ದಾರಿಯಲ್ಲಿ ಮಧುವನಹಳ್ಳಿಯಲ್ಲಿ ಬಸ್ಸು ನಿಂತಿತು. ಅವ್ವನಿಗೆ 'ನೀನು ಮನೆಗೋಗು' ಎಂದಷ್ಟೇ ಹೇಳಿ ಇಳಿದುಬಿಟ್ಟೆ. ಎದುರಿನಿಂದ ಬಂದ ಹನೂರಿನ ಬಸ್ಸಿಗೆ ಕೈ ಅಡ್ಡ ಹಾಕಿದೆ.

ಜಯಕ್ಕ ಅಂಗಳದಲ್ಲೇ ಇದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವತ್ತು ನಲ್ಲಿ ಹತ್ತಿರ ಫೋನಿನಲ್ಲಿ ಏನಿತ್ತು ಎಂಬುದನ್ನೂ ಹೇಳಿದೆ. ಅವಳು ಜೋಳ ಬಿಡಿಸುವುದನ್ನು ನಿಲ್ಲಿಸಲಿಲ್ಲ.

'ಅವತ್ತೇ ಗೊತ್ತಾಯ್ತು ನಂಗೆ,' ಅಂದಳು. 'ಸರ್ವರ್ ಇಲ್ಲ ಅನ್ನೋವಾಗ ನನ್ ಮುಖ ನೋಡ್ನಿಲ್ಲ ನೀನು.'

'ಮತ್ತೆ ಯಾಕೆ ಹೇಳಲಿಲ್ಲ ಜಯಕ್ಕ?'

'ಏನಂತ ಯೇಳ್ಳಿ? ಕಳ್ಳಿ ಅನ್ಸ್ಕಂಡೋಳು, ಅವರ್ ಮಗನ್ ಮ್ಯಾಲೆ ಯೇಳಿದ್ರೆ ಯಾರ್ ನಂಬ್ತಾರೆ? ನಂಬುದ್ರೂ, ನೀನು ನಮ್ ಬೀದೀಲಿ ಅಷ್ಟು ಓದ್ತಿರೋನು ಒಬ್ಬನೇ.' ಬಿಡಿಸಿದ ದಿಂಡನ್ನು ಪಕ್ಕಕ್ಕೆ ಎಸೆದು ಹೇಳಿದಳು. 'ಗೊತ್ತಿರೋಳ್ಗೆ ಬಂದು ಯೇಳಿದ್ರೆ ಏನ್ ಬಂತು ಸಿದ್ರಾಜ? ಗೊತ್ತಿಲ್ದೋರ್ಗೆ ಓಗಿ ಯೇಳು.'

ಮುಂದಿನ ಭಾನುವಾರ ನಲ್ಲಿಯ ಹತ್ತಿರ ಹೋಗಿ ಹೇಳಿದೆ. ಕೆಲವರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. ಒಬ್ಬರೂ ಬೈಯಲಿಲ್ಲ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅಲ್ಲಿಯವರೆಗೂ ಬೀದಿಯಲ್ಲಿ ಯಾರಿಗೆ ಏನು ಮೆಸೇಜು ಬಂದರೂ ನನ್ನ ಕೈಗೇ ಕೊಡುತ್ತಿದ್ದರು. ಆಮೇಲೆ ಯಾರೂ ಕೊಡಲಿಲ್ಲ.

ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತಿತ್ತು. ಒಳಗೆ ಹೋದಾಗ ಅಪ್ಪ ಗುಂಡಿಯಲ್ಲೇ ಕಾಲು ಇಳಿಬಿಟ್ಟು ಕೂತಿದ್ದ.

'ಎಷ್ಟು?'

'ಹದಿನಾರು ಸಾವಿರ.'

'ಎಷ್ಟ್ ಸೀರೆ ಮಜೂರಿ ಆಯ್ತದೆ, ಲೆಕ್ಕ ಆಕು.'

ನನ್ನಿಂದ ಆಗಲಿಲ್ಲ. ಅಪ್ಪನೇ ಬೆರಳು ಮಡಚಿದ. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದ. ಅರ್ಧದಲ್ಲಿ ಬಿಟ್ಟು ಲಾಳಿ ಎತ್ತಿಕೊಂಡ.

ಮಹೇಶನ ಅಪ್ಪನ ಗಿರಣಿಯಲ್ಲಿ ಶನಿವಾರ, ಭಾನುವಾರ ಮೂಟೆ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡೆ. ಯಾಕೆಂದು ಮಹೇಶನಿಗೂ ಹೇಳಿದೆ. ಕ್ಯಾಂಟೀನಿಗೆ ಹೋಗುವುದು ತಾನಾಗಿಯೇ ನಿಂತಿತು. ಪರೀಕ್ಷೆ ಮುಗಿದು, ಫಲಿತಾಂಶ ಬಂದು, ಇನ್ನೂ ನಾಲ್ಕು ತಿಂಗಳಾದ ಮೇಲೆ ಹದಿನಾರು ಸಾವಿರ ಪೂರ್ತಿಯಾಯಿತು. ಅವ್ವ ಆ ಹಣ ತೆಗೆದುಕೊಂಡು ನನ್ನ ಎದುರಿಗೇ ಎರಡು ಸಲ ಎಣಿಸಿದಳು. ಅಷ್ಟರಲ್ಲಿ ರೇಷ್ಮೆಯ ಬೆಲೆ ಏರಿತ್ತು. ಸ್ವಂತ ಹಾಸು ಆಗಲಿಲ್ಲ.

ಜಯಕ್ಕ ಬೇಸಿಗೆಯಲ್ಲಿ ಬೀದಿಗೆ ವಾಪಸ್ಸು ಬಂದಿದ್ದಳು. ಸಂಘದವರು ಪಾಸ್‌ಬುಕ್ಕುಗಳನ್ನು ಅವಳ ಮನೆಗೇ ತಂದಿಟ್ಟರು. ಅವ್ವ ಒಯ್ದಾಗ ಮಾತ್ರ ಜಯಕ್ಕ ನಯವಾಗಿಯೇ, 'ನಿಂದು ನಿನ್ತಾವೇ ಇರ್ಲಿ ಸುಂದ್ರಕ್ಕ' ಅಂದಳು. ಇಬ್ಬರೂ ಮಾತಾಡುತ್ತಾರೆ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ತೆಗೆದುಕೊಳ್ಳುತ್ತಾರೆ. ಆದರೆ ಮೊದಲಿನ ಹಾಗೆ ಗೋಡೆಗೆ ಒರಗಿ ಕೂತು ನಗುವುದನ್ನು ನಾನು ಮತ್ತೆ ಕಾಣಲಿಲ್ಲ. ಹಂಡೆ ಹಿತ್ತಲಿನಲ್ಲಿ ತುಕ್ಕು ಹಿಡಿಯುತ್ತಿದೆ. ಕೈ ಸರಿಹೋಗಲಿಲ್ಲ, ಜಯಕ್ಕ ಈಗ ಒಂದು ಹೋಟೆಲಿಗೆ ಚಪಾತಿ ಲಟ್ಟಿಸಿ ಕೊಡುತ್ತಾಳೆ.

ಈಗ ಪ್ರತಿ ತಿಂಗಳು ಸಂಬಳವಾದ ದಿನ ಅವ್ವನ ಖಾತೆಗೆ ದುಡ್ಡು ಹಾಕಿ ಫೋನು ಮಾಡುತ್ತೇನೆ. ಅವಳು 'ಆಗ್ಲಪ್ಪ' ಅನ್ನುತ್ತಾಳೆ. ಮಾರನೇ ದಿನ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬ್ಯಾಂಕಿಗೆ ನಡೆದು ಹೋಗುತ್ತಾಳೆ, ಸಾಲಿನಲ್ಲಿ ನಿಲ್ಲುತ್ತಾಳೆ, ಕೌಂಟರಿನವರ ಹತ್ತಿರ ಓದಿಸಿಕೊಳ್ಳುತ್ತಾಳೆ. ಅವಳಿಗೀಗ ಮಂಡಿ ನೋವು. ಒಮ್ಮೆ ತಡೆಯಲಾರದೆ ಕೇಳಿದೆ. 'ಅವ್ವ, ಹಾಕಿದೀನಿ ಅಂತ ನಾನೇ ಹೇಳಿದ ಮೇಲೂ ಆ ಬಿಸಿಲಲ್ಲಿ ಯಾಕೆ ಹೋಗ್ತೀಯ?'

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

'ಇರ್ಲಿ ಕಣಪ್ಪ,' ಅಂದಳು. 'ಒಂದ್ಸಲ ನೋಡ್ಕಂಡ್ ಬತ್ತೀನಿ.'